ಯಂತ್ರವೂ ಉಮೇದುವಾರನೂ

ಹಿಂದಿನ ಮೈಸೂರು ಸೀಮೆಯ ಕಚೇರಿಗಳಲ್ಲಿ ಉಮೇದುವಾರನೆಂಬುವನೊಬ್ಬನಿರುತ್ತಿದ್ದನು. ಈ ಶಬ್ದವನ್ನು ನಾವೀಗ ಚುನಾವಣೆಗೆ ನಿಂತವರಿಗೆ ಬಳಸುತ್ತೇವೆ. ಆಗ ಅದರ ಅರ್ಥ ಬೇರೆಯಾಗಿತ್ತು. ಸಂಬಳವಿಲ್ಲದೆ, ಇಲ್ಲವೆ ಹೆಸರಿಗಷ್ಟೇ ಎನ್ನುವಂಥ ಸಂಬಳಕ್ಕೆ, ಕಚೇರಿಯ ಒಂದು ಮೂಲೆಯಲ್ಲಿ ಕುಳಿತು ಕಾಗದಪತ್ರಗಳನ್ನು ನಕಲುಮಾಡುತ್ತ, ಬಂದ ಟಪಾಲನ್ನು ರಿಜಿಸ್ಟರಿಗೆ ಏರಿಸುತ್ತ, ಎಂದಾದರೊಂದು ದಿನ ತನ್ನ ಕೆಲಸ ಖಾಯಮಾದೀತೆಂದು ಕಾಯುತ್ತಿದ್ದವನೇ ಉಮೇದುವಾರನು. ಅವನ ಬಾಳು ಸುಖದ್ದಲ್ಲ. ಆ ಪದ್ಧತಿಯಲ್ಲಿ ಅನ್ಯಾಯವೂ ಬೇಕಾದಷ್ಟಿತ್ತು. ಆದರೆ ನಾಲ್ಕು ವರ್ಷ ನಕಲು ಬರೆದವನಿಗೆ, ಎಂಥ ಅರ್ಜಿಗೆ ಎಂಥ ಉತ್ತರ, ಯಾವ ಕಾನೂನಿನ ಯಾವ ಕಲಮು ಎಲ್ಲಿ ತಗಲುವುದು, ಯಾವ ಮಾತನ್ನು ಬರೆದಿಟ್ಟರೆ ಮುಂದೆ ತೊಡಕಾಗುವುದು ಎಂಬುದೆಲ್ಲ ಯಾರೂ ಕೂರಿಸಿಕೊಂಡು ಹೇಳಿಕೊಡದೆಯೇ ತಿಳಿದುಬಂದಿರುತ್ತಿತ್ತು. ಅವನ ಕೈ ನಕಲು ಮಾಡುತ್ತಿದ್ದಾಗ ತಲೆಯು ಕಚೇರಿಯನ್ನು ಕಲಿಯುತ್ತಿತ್ತು.

ಯಂತ್ರಗಳಿಂದ ಮನುಷ್ಯನ ಉದ್ಯೋಗಕ್ಕೆ ಏನಾಗುವುದೆಂಬ ಚರ್ಚೆ ಇಂದು ನೆನ್ನೆಯದಲ್ಲ. 1811ರಿಂದ 1816ರ ವರೆಗೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಂ ಮೊದಲಾದ ಪ್ರಾಂತಗಳಲ್ಲಿ ಲಡೈಟರೆಂಬುವರು ಕಾಲುಚೀಲ ಹೆಣೆಯುವ ಮಗ್ಗಗಳನ್ನು ಒಡೆದುಹಾಕಿದ ಕಾಲದಿಂದ, 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಮಾತನಾಡುವ ಗಣಕ ಸಾರ್ವಜನಿಕರ ಕೈಗೆ ಬಂದ ಕಾಲದವರೆಗೂ ಜನ ಕೇಳುವ ಪ್ರಶ್ನೆ ಒಂದೇ: ಇದರಿಂದ ಎಷ್ಟು ಮಂದಿಯ ಅನ್ನ ಹೋಗುವುದು? ಈ ಪ್ರಶ್ನೆ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಅದರ ಮರೆಯಲ್ಲಿ ಇನ್ನೊಂದು ಪ್ರಶ್ನೆ ನಿಂತಿರುವುದು. ಪ್ರಕೃತ ನಾನು ವಿಚಾರಮಾಡಬೇಕೆಂದಿರುವುದು ಅದನ್ನು. ಯಂತ್ರವು ಒಂದು ಕಸಬನ್ನು ಇಡಿಯಾಗಿ ನುಂಗುವುದು ಅಪರೂಪ. ಸಾಮಾನ್ಯವಾಗಿ ಅದು ಕಸಬಿನೊಳಗಿನ ಯಾವುದೋ ಒಂದು ಭಾಗವನ್ನು ತೆಗೆದುಕೊಳ್ಳುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಆ ಭಾಗವು ಉಮೇದುವಾರನ ಪಾಲಿನದಾಗಿರುತ್ತದೆ. ಇದಕ್ಕೆ ಕಾರಣ ಗೂಢವಾದುದೇನಲ್ಲ. ಹೊಸಬನಿಗೆ ನಾವು ಎಂಥ ಕೆಲಸವನ್ನು ಕೊಡುತ್ತೇವೆ? ಸಣ್ಣದು, ಮತ್ತೆ ಮತ್ತೆ ಮಾಡತಕ್ಕದ್ದು, ತಪ್ಪಾದರೆ ಹಿರಿಯರ ಕಣ್ಣಿಗೆ ಬೇಗ ಬೀಳತಕ್ಕದ್ದು. ಯಂತ್ರಕ್ಕೆ ಕಲಿಸಲು ಸುಲಭವಾದ ಕೆಲಸದ ಲಕ್ಷಣಗಳೂ ಇವೇ.

ವಿದ್ಯೆ ಕಲಿಯುವವನು ತನ್ನ ಸಣ್ಣ ದುಡಿಮೆಯಿಂದ ಗುರುವಿನ ಋಣವನ್ನು ತೀರಿಸುವುದು ನಮ್ಮಲ್ಲಿ ಬಹು ಪುರಾತನವಾದ ಏರ್ಪಾಡು. ಸಮಿತ್ತನ್ನು ಹೊತ್ತು ತರುವ, ಗೋವುಗಳನ್ನು ಕಾಯುವ ಶಿಷ್ಯರ ಕಥೆಗಳು ಉಪನಿಷತ್ತುಗಳಲ್ಲಿಯೇ ಉಂಟು. ಅಕ್ಕಸಾಲೆಯ ಕುಲುಮೆಯನ್ನು ಊದುವ ಹುಡುಗ, ದರ್ಜಿಯ ಅಂಗಡಿಯಲ್ಲಿ ಗುಂಡಿ ಹೊಲಿಯುವ ಹುಡುಗ, ವಕೀಲರ ಹಿಂದೆ ಪುಸ್ತಕದ ಹೊರೆ ಹೊತ್ತು ನಡೆಯುವ ಜೂನಿಯರು, ಇವರೆಲ್ಲರೂ ಅದೇ ಒಪ್ಪಂದಕ್ಕೆ ಸೇರಿದವರು. ಗುರುವಿಗೆ ಕೈಗೆಲಸ ಹಗುರವಾಗುವುದು. ಶಿಷ್ಯನಿಗೆ ಕಸಬು ಬರುವುದು. ಊದುಕೊಳವೆಯ ಬದಲು ವಿದ್ಯುತ್ತಿನ ಬೀಸಣಿಗೆ ಬಂದರೆ ಗುರುವಿಗೆ ನಷ್ಟವಿಲ್ಲ. ಒಪ್ಪಂದದ ಒಂದು ಕೊಂಡಿ ಮಾತ್ರ ಕಳಚಿಬೀಳುವುದು.

ಈ ಮಾತನ್ನು ಒಂದೆರಡು ಕಸಬುಗಳಲ್ಲಿ ಹೊಕ್ಕು ನೋಡೋಣ. ಮೊದಲು ನಮ್ಮ ನಾಡಿಗೆ ಹೆಮ್ಮೆ ತಂದ ವಿದ್ಯುಚ್ಛಕ್ತಿಯ ಸಂಗತಿ. 1902ರ ಜೂನ್ 30ರಂದು ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಆ ಕಾಲಕ್ಕೆ ಅದು ಲೋಕದ ಅತಿ ಉದ್ದವಾದ ವಿದ್ಯುನ್ಮಾರ್ಗಗಳಲ್ಲೊಂದು. ಈ ಕಾರ್ಯವನ್ನು ಹಟಹಿಡಿದು ಮುಂದೂಡಿದ ದಿವಾನ್ ಶೇಷಾದ್ರಿ ಅಯ್ಯರವರು 1901ರಲ್ಲೇ ತೀರಿಕೊಂಡದ್ದರಿಂದ ಅದನ್ನು ಕಣ್ಣಾರೆ ನೋಡಲಿಲ್ಲ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದುದು ಇನ್ನೂ ಮೂರು ವರ್ಷಗಳ ಮೇಲೆ, 1905ರ ಆಗಸ್ಟಿನಲ್ಲಿ. ಅದುವರೆಗೆ ಗಣಿಯ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದುವು. ಬಾಯ್ಲರುಗಳಿಗೆ ಹೊತ್ತುಹೊತ್ತಿಗೂ ಉರಿಯಿಕ್ಕುವವರು ಬೇಕಾಗಿತ್ತು. ತಂತಿ ಬಂದ ಮೇಲೆ ಉರಿಯಿಕ್ಕುವವರ ಕೆಲಸ ಕುಗ್ಗಿತು. ತಂತಿಯನ್ನೂ ಮೋಟಾರನ್ನೂ ನೋಡಿಕೊಳ್ಳತಕ್ಕವರ ಕೆಲಸ ಹುಟ್ಟಿತು. (ಆ ಗಣಿಗಳೇ 2001ರ ಫೆಬ್ರವರಿ 28ರಂದು ಮುಚ್ಚಿಹೋದುವು. ಆದರೆ ಅದು ಚಿನ್ನದ ಅದಿರು ತೆಳುವಾಗಿ ಖರ್ಚು ಏರಿದ ಕಥೆ, ಯಂತ್ರದ ಕಥೆಯಲ್ಲ.)

ಉರಿಯಿಕ್ಕುವುದು ಬರಿಯ ಮೈಕಷ್ಟವೆಂದು ತೋರಬಹುದು. ಅದು ಒಂದು ಮೆಟ್ಟಿಲೂ ಆಗಿತ್ತೆಂಬುದನ್ನು ರೈಲ್ವೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಉಗಿಬಂಡಿಯ ಕಾಲದಲ್ಲಿ ಹುಡುಗನು ಮೊದಲು ಷೆಡ್ಡಿನಲ್ಲಿ ಇಂಜಿನು ಒರೆಸುವ ಕ್ಲೀನರನಾಗಿ ಸೇರುತ್ತಿದ್ದನು. ಆಮೇಲೆ ಕಲ್ಲಿದ್ದಲು ತುಂಬುವ ಫೈರ್‌ಮನ್ನನಾಗುತ್ತಿದ್ದನು. ಬಹು ವರ್ಷಗಳ ಮೇಲೆ ಡ್ರೈವರನಾಗುತ್ತಿದ್ದನು. ಒರೆಸುವಾಗ ಇಂಜಿನಿನ ಒಂದೊಂದು ಅಂಗವೂ ಪರಿಚಿತವಾಗುತ್ತಿತ್ತು. ಕಲ್ಲಿದ್ದಲು ತುಂಬುವಾಗ ದಾರಿ ಪರಿಚಿತವಾಗುತ್ತಿತ್ತು. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿಯ ಕೈಮರ ತಿರುವಿನಲ್ಲಿ ಅಡಗಿದೆ ಎಂಬುದನ್ನು ಫೈರ್‌ಮನ್ನನು ತನ್ನ ಸಲಿಕೆಯಿಂದಲೇ ಲೆಕ್ಕಹಾಕಬೇಕಾಗಿತ್ತು, ಏಕೆಂದರೆ ಏರಿಗೆ ಮುಂಚೆಯೇ ಬೆಂಕಿ ಬಲಿತಿರಬೇಕು. ಚಿತ್ತರಂಜನಿನ ಕಾರ್ಖಾನೆಯು ಕೊನೆಯ ಉಗಿ ಇಂಜಿನನ್ನು 1972ರಲ್ಲಿ ಕಟ್ಟಿತು. ಈಗ ಪರೀಕ್ಷೆ ಬರೆದು ತೇರ್ಗಡೆಯಾದವರು ನೇರವಾಗಿ ಸಹಾಯಕ ಲೋಕೋ ಪೈಲಟ್ಟಾಗುತ್ತಾರೆ. ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ತುಂಬುವುದಕ್ಕೆ ಕಲ್ಲಿದ್ದಲಿಲ್ಲದಿದ್ದರೂ ನಮ್ಮ ರೈಲ್ವೆಯವರು ಹೆಚ್ಚಿನ ಗಾಡಿಗಳಲ್ಲಿ ಎರಡನೆಯವನ ಪೀಠವನ್ನು ತೆಗೆದುಹಾಕಲಿಲ್ಲ. ಕೈಮರದ ಬಣ್ಣವನ್ನು ಒಬ್ಬನು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬನು ಅದನ್ನು ಮರಳಿ ಹೇಳಬೇಕು. ಸುರಕ್ಷತೆಗಾಗಿ ಉಳಿಸಿಕೊಂಡ ಪೀಠವು ಕಲಿಕೆಗೂ ಉಳಿಯಿತು. ಎಲ್ಲ ಕಸಬುಗಳಿಗೂ ಈ ಅದೃಷ್ಟವಿರಲಿಲ್ಲ.

ಅಚ್ಚುಕೂಟವನ್ನು ತೆಗೆದುಕೊಳ್ಳಿ. ಸೀಸದ ಮೊಳೆಯನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುವುದು ಕನ್ನಡದಲ್ಲಿ ಇಂಗ್ಲಿಷಿನಷ್ಟು ಸುಲಭವಲ್ಲ. ಇಪ್ಪತ್ತಾರು ಅಕ್ಷರಗಳ ಬದಲು ಕಾಗುಣಿತ, ಒತ್ತಕ್ಷರ, ಅರ್ಕಾವೊತ್ತು ಎಂದು ನೂರಾರು ಬಗೆಯ ಮೊಳೆಗಳು. ಅವುಗಳ ಮನೆಗಳು ಹಲವಾರು ಕೇಸುಗಳಲ್ಲಿ ಹರಡಿರುತ್ತಿದ್ದುವು. ಹೊಸದಾಗಿ ಸೇರಿದ ಹುಡುಗನ ಕೈಗೆ ಯಾರೂ ಕಂಪೋಜಿಂಗ್ ಸ್ಟಿಕ್ಕನ್ನು ಕೊಡುತ್ತಿರಲಿಲ್ಲ. ಅಚ್ಚಾಗಿ ಮುಗಿದ ಪುಟವನ್ನು ಬಿಚ್ಚಿ ಮೊಳೆಗಳನ್ನು ಅವುಗಳ ಮನೆಗೆ ಮರಳಿ ಹಾಕುವುದೇ ಅವನ ಮೊದಲ ಕೆಲಸ. ಬೇಸರದ ಕೆಲಸ, ನಿಜ. ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಅಕ್ಷರವನ್ನು ಓದುವುದೂ, ಯಾವ ಮೊಳೆ ಎಲ್ಲಿರುವುದೆಂದು ಬೆರಳಿಗೆ ತಿಳಿಯುವುದೂ ಆ ಬೇಸರದಿಂದಲೇ. ಕ್ರಮೇಣ ಅವನಿಗೆ ಕಾಗುಣಿತ ಬರುತ್ತಿತ್ತು. ಅದರ ಮೇಲೆ ವಾಕ್ಯದ ಕಿವಿ ಬರುತ್ತಿತ್ತು. ಹೆಚ್ಚು ಶಾಲೆ ಕಾಣದ ಕಂಪೋಜಿಟರು ಪಂಡಿತರ ಹಸ್ತಪ್ರತಿಯ ತಪ್ಪನ್ನು ಮೆಲ್ಲನೆ ತಿದ್ದಿ ಪ್ರೂಫು ಕಳುಹಿಸುವುದು ಅಚ್ಚುಕೂಟದವರಿಗೆ ಹೊಸ ಸಂಗತಿಯಾಗಿರಲಿಲ್ಲ.

ಈ ಮೆಟ್ಟಿಲುಗಳಿಂದ ಮೇಲಕ್ಕೆ ಹೋದವರು ಲೋಕದಲ್ಲಿ ಅನೇಕರು. ಬೆಂಜಮಿನ್ ಫ್ರಾಂಕ್ಲಿನ್ ಹನ್ನೆರಡನೆಯ ವಯಸ್ಸಿಗೆ ತನ್ನ ಅಣ್ಣನ ಅಚ್ಚುಕೂಟದಲ್ಲಿ ಶಿಷ್ಯನಾಗಿ ಸೇರಿದನು. ಮಾರ್ಕ್ ಟ್ವೈನನೂ ಹುಡುಗನಾಗಿದ್ದಾಗ ಮೊಳೆ ಜೋಡಿಸಿದವನೇ. ವಿನೋದವೇನೆಂದರೆ, ಆ ಟ್ವೈನನು ದೊಡ್ಡವನಾದ ಮೇಲೆ ಮೊಳೆ ಜೋಡಿಸುವ ಯಂತ್ರವೊಂದರ ಮೇಲೆ ತನ್ನ ಹಣವನ್ನೆಲ್ಲ ಸುರಿದು 1894ರಲ್ಲಿ ದಿವಾಳಿಯಾದನು. ಅವನು ನಂಬಿದ ಯಂತ್ರ ಸೋತು, ಮೆರ್ಗೆನ್‌ಥಾಲರನ ಲೈನೋಟೈಪು ಗೆದ್ದಿತು. ಕನ್ನಡದ ಅಚ್ಚುಕೂಟಗಳಿಗೆ ನಿಜವಾದ ಬದಲಾವಣೆ ಬಂದುದು 1980ರಿಂದೀಚೆಗೆ, ಗಣಕಯಂತ್ರದಲ್ಲಿ ಪುಟ ಕಟ್ಟುವ ಡಿಟಿಪಿಯೂ ಆಫ್‌ಸೆಟ್ಟೂ ಜೊತೆಯಾಗಿ ಬಂದಾಗ. ಪುಸ್ತಕಗಳು ಅಗ್ಗವಾದುವು, ಅಂದವಾದುವು, ಸಂಖ್ಯೆಯಲ್ಲಿಯೂ ಬೆಳೆದುವು. ಸೀಸದ ವಿಷದಿಂದ ಕೆಲಸಗಾರರ ಒಡಲು ಪಾರಾಯಿತು. ಇದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಇಂದಿನ ಅನೇಕ ಕನ್ನಡ ಪುಸ್ತಕಗಳನ್ನು ತೆರೆದೊಡನೆ ಕಣ್ಣಿಗೆ ಚುಚ್ಚುವ ಅಚ್ಚಿನ ತಪ್ಪುಗಳನ್ನು ನೋಡಿದಾಗ, ಮೊಳೆಯೊಡನೆ ಇನ್ನೇನೋ ಸಹ ಹೊರಗೆ ಹೋಯಿತೆಂದು ನನಗೆ ಅನ್ನಿಸದಿರುವುದಿಲ್ಲ.

ಯಂತ್ರವು ಬಾಗಿಲೊಳಗೆ ಬಂದ ದಿನವೇ ಇಂಥ ಪರಿಣಾಮಗಳು ಕಾಣುವುದಿಲ್ಲವೆಂಬುದೂ ಗಮನಾರ್ಹ. ಎಡಿಸನ್ನನು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುದಾಗಾರವನ್ನು ತೆರೆದುದು 1882ರಲ್ಲಿ. ಹೀಗಿದ್ದರೂ ಅಮೆರಿಕದ ಕಾರ್ಖಾನೆಗಳಿಗೆ ಅದರ ಪೂರ್ಣಫಲ ಸಿಕ್ಕುವುದಕ್ಕೆ 1920ರ ದಶಕದವರೆಗೆ ಕಾಯಬೇಕಾಯಿತು. ಇದಕ್ಕೆ ಪಾಲ್ ಡೇವಿಡ್ ಎಂಬ ಅರ್ಥಶಾಸ್ತ್ರಜ್ಞರು 1990ರಲ್ಲಿ ಕೊಟ್ಟ ವಿವರಣೆ ಮನಸ್ಸಿಗೊಪ್ಪುವಂತಿದೆ. ಮೊದಮೊದಲು ಯಜಮಾನರು ಉಗಿಯಂತ್ರವನ್ನು ಕಿತ್ತು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟಾರನ್ನು ಕೂರಿಸಿದರು. ಸೂರಿನುದ್ದಕ್ಕೂ ಹಾಯ್ದ ಉಕ್ಕಿನ ಅಚ್ಚು, ಅದರಿಂದಿಳಿದ ತೊಗಲು ಪಟ್ಟಿಗಳು ಹಾಗೆಯೇ ಉಳಿದುವು. ಒಂದೊಂದು ಯಂತ್ರಕ್ಕೂ ಅದರದೇ ಸಣ್ಣ ಮೋಟಾರನ್ನು ಕೊಟ್ಟು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಕಟ್ಟಡವನ್ನೇ ಬೇರೆಯಾಗಿ ಕಟ್ಟಿದಾಗ ಮಾತ್ರ ಉತ್ಪತ್ತಿ ಏರಿತು. ಕೆಲಸವನ್ನು ಬದಲಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ಅದರ ಸುತ್ತ ನಾವು ಮಾಡುವ ಏರ್ಪಾಡು. ಏರ್ಪಾಡು ಮಾಡುವಾಗ ಯಾವ ಪೀಠವನ್ನು ಉಳಿಸಬೇಕೆಂಬುದು ನಮ್ಮ ಕೈಯಲ್ಲಿರುವ ಸಂಗತಿ. ಆದಕಾರಣವೇ ಈ ಚರ್ಚೆಗೆ ಪ್ರಯೋಜನವುಂಟು.

ನಮ್ಮ ಹಳ್ಳಿಗಳ ಭೂಮಿಯ ಲೆಕ್ಕದಲ್ಲಿ ಏರ್ಪಾಡೇ ಬದಲಾದುದನ್ನು ಕಾಣಬಹುದು. ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದಾಗ ಮಗನು ತಂದೆಯ ಪಕ್ಕದಲ್ಲಿ ಕುಳಿತು ದಪ್ತರ ಬಿಚ್ಚುವುದನ್ನೂ, ಪಹಣಿ, ಖಾತೆ, ಕಿರ್ದಿ ಬರೆಯುವುದನ್ನೂ ಕಲಿಯುತ್ತಿದ್ದನು. 1961ರ ಶಾಸನವು 1963ರಲ್ಲಿ ಜಾರಿಗೆ ಬಂದು ಆ ಹಕ್ಕು ಹೋಯಿತು, ಗ್ರಾಮಲೆಕ್ಕಿಗರು ಬಂದರು. ಆದರೆ ಪಹಣಿ ಕೈಬರಹದಲ್ಲಿಯೇ ಉಳಿಯಿತು. ಅದರ ನಕಲು ಬೇಕಾದ ರೈತನು ಲೆಕ್ಕಿಗರನ್ನು ಹುಡುಕಿಕೊಂಡು ಅಲೆಯುವುದೂ, ಕೈ ಬೆಚ್ಚಗೆ ಮಾಡುವುದೂ ಉಳಿಯಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪ್ರತಿ ಕೈಗೆ ಬರುವಂತಾಯಿತು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು.

ಇದರಿಂದಾದ ಉಪಕಾರ ದೊಡ್ಡದು. ಸುಮಾರು 9,000 ಮಂದಿ ಲೆಕ್ಕಿಗರ ಮನೆಯ ಪೆಟ್ಟಿಗೆಗಳಲ್ಲಿ ಸಿಕ್ಕಿಬಿದ್ದಿದ್ದ ಹಕ್ಕು ಬೀದಿಗೆ ಬಂದಿತು. ಬಾಯಿಮಾತಿಗೆ ಪಹಣಿ ತಿದ್ದುವುದು ಕಷ್ಟವಾಯಿತು. ಆದರೆ ಶಾನುಭೋಗನಿಗೆ ತಿಳಿದಿದ್ದುದು ಪುಸ್ತಕದಲ್ಲಿದ್ದಷ್ಟೇ ಅಲ್ಲ. ಯಾರ ಹೊಲದ ಚಕ್ಕುಬಂದಿ ಎಲ್ಲಿ, ಅಣ್ಣತಮ್ಮಂದಿರು ಬಾಯಲ್ಲಿ ಮಾಡಿಕೊಂಡ ಪಾಲು ಯಾವುದು, ಯಾವ ಹಳ್ಳ ದಾರಿ ಬದಲಿಸಿತು, ಇವೆಲ್ಲ ಅವನ ತಲೆಯಲ್ಲಿದ್ದುವು. ಆ ತಿಳಿವಿನಿಂದಲೇ ಅವನು ಊರಿಗೆ ಉಪಯೋಗಿಯೂ ಆಗಿದ್ದನು, ಅಪಾಯಕಾರಿಯೂ ಆಗಿದ್ದನು. ಪುಸ್ತಕವನ್ನು ಯಂತ್ರಕ್ಕೆ ಏರಿಸಿದಾಗ ಪುಸ್ತಕದ ಹಳೆಯ ತಪ್ಪುಗಳೂ ಏರಿದುವು. ಅವನ್ನು ತಿದ್ದಿಸಬೇಕಾದರೆ ಹೊಲದ ಮೇಲೆ ನಡೆದು ನೋಡಬಲ್ಲವರು ಬೇಕು. ಹಾಗೆ ನೋಡುವುದನ್ನು ಪರದೆಯ ಮುಂದೆ ಕುಳಿತು ಕಲಿಯಲಾಗದು.

ಬ್ಯಾಂಕುಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1984ರಲ್ಲಿಯೂ 1988ರಲ್ಲಿಯೂ ಸಿ. ರಂಗರಾಜನ್ನರ ಅಧ್ಯಕ್ಷತೆಯ ಸಮಿತಿಗಳು ದಾರಿ ತೋರಿದ ಮೇಲೆ ನಮ್ಮ ಬ್ಯಾಂಕುಗಳ ದಪ್ಪ ಲೆಡ್ಜರುಗಳು ಒಂದೊಂದಾಗಿ ಕಪಾಟು ಸೇರಿದುವು. ನೌಕರರ ಸಂಘಗಳಿಗೆ ಭಯವಿತ್ತು. ಆದರೆ ಗುಮಾಸ್ತೆಯ ಕುಲ ನಿರ್ಮೂಲವಾಗಲಿಲ್ಲ. ಅಮೆರಿಕದಲ್ಲಿ ಇದನ್ನು ಲೆಕ್ಕಹಾಕಿ ನೋಡಿದ್ದಾರೆ. ಜೇಮ್ಸ್ ಬೆಸೆನ್ ಎಂಬುವರು ತೋರಿಸಿರುವಂತೆ, 1988ರಿಂದ 2004ರ ವರೆಗೆ ಹಣ ಕೊಡುವ ಯಂತ್ರಗಳ ದೆಸೆಯಿಂದ ಪಟ್ಟಣದ ಒಂದು ಶಾಖೆಗೆ ಬೇಕಾದ ಟೆಲ್ಲರುಗಳು ಸರಾಸರಿ 20ರಿಂದ 13ಕ್ಕೆ ಇಳಿದರು. ಆದರೆ ಶಾಖೆಯ ಖರ್ಚು ಇಳಿದುದರಿಂದ ಬ್ಯಾಂಕುಗಳು ಹೆಚ್ಚು ಶಾಖೆಗಳನ್ನು ತೆರೆದುವು. ಒಟ್ಟು ಟೆಲ್ಲರುಗಳ ಸಂಖ್ಯೆ ಕುಸಿಯಲಿಲ್ಲ. ಅವರ ಕೆಲಸದ ಬಗೆ ಬದಲಾಯಿತು. ನೋಟು ಎಣಿಸುವವರು ಸಾಲವನ್ನೂ ವಿಮೆಯನ್ನೂ ಮಾರುವವರಾದರು. ಸಂಜೆಯ ಹೊತ್ತು ಲೆಕ್ಕ ಮೂರು ಕಾಸಿಗೆ ತಾಳೆಯಾಗದೆ ದಿನದ ಚೀಟಿಗಳನ್ನೆಲ್ಲ ಮತ್ತೆ ತಿರುವಿಹಾಕುವಾಗ ಬರುತ್ತಿದ್ದ ಜ್ಞಾನವು, ಮಾರುವ ಮಾತಿನಿಂದ ಬರುವಂಥದಲ್ಲ.

ಆಸ್ಪತ್ರೆಯಲ್ಲಿ ಪಣಕ್ಕೆ ಬಿದ್ದಿರುವುದು ಮನುಷ್ಯರ ಪ್ರಾಣ. 2016ರಲ್ಲಿ ಜೆಫ್ರಿ ಹಿಂಟನ್ನರು, ಎಕ್ಸ್-ರೇ ಮೊದಲಾದ ಚಿತ್ರಗಳನ್ನು ಓದುವ ವೈದ್ಯರನ್ನು ಇನ್ನು ತಯಾರುಮಾಡುವುದನ್ನೇ ನಿಲ್ಲಿಸಬಹುದು, ಐದು ವರ್ಷಗಳಲ್ಲಿ ಯಂತ್ರವೇ ಅವರನ್ನು ಮೀರಿಸುವುದು ಎಂಬರ್ಥದಲ್ಲಿ ಮಾತನಾಡಿದರು. ಅವರು ಸಾಮಾನ್ಯರಲ್ಲ, 2024ರ ಭೌತಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದವರು. ಆದರೆ ಐದು ವರ್ಷಗಳು ಕಳೆದುಹೋದುವು. ಆ ವೈದ್ಯರಿಗೆ ಬೇಡಿಕೆ ತಗ್ಗಲಿಲ್ಲ. ಚಿತ್ರ ಓದುವುದು ಅವರ ಕೆಲಸದ ಒಂದು ಭಾಗವೇ ಹೊರತು ಸರ್ವಸ್ವವಲ್ಲವೆಂಬುದನ್ನು ಭವಿಷ್ಯ ನುಡಿದವರು ಮರೆತಿದ್ದರು. ಇಷ್ಟಾದರೂ ನಿಶ್ಚಿಂತರಾಗಿರುವಂತಿಲ್ಲ. ಬೋಧನಾಸ್ಪತ್ರೆಗಳಲ್ಲಿ ಚಿತ್ರವನ್ನು ಮೊದಲು ಓದಿ ಅಭಿಪ್ರಾಯ ಬರೆಯುವವನು ಕಿರಿಯ ವೈದ್ಯನು. ಹಿರಿಯರು ಆಮೇಲೆ ತಿದ್ದುವರು. ಆ ಮೊದಲ ಓದನ್ನು ಯಂತ್ರವೇ ಮಾಡಿಟ್ಟರೆ, ಯಂತ್ರವು ತಪ್ಪಿದಾಗ ತಪ್ಪಿತೆಂದು ಹೇಳಬಲ್ಲ ಮುಂದಿನ ಹಿರಿಯನು ಎಲ್ಲಿಂದ ಬರಬೇಕು?

ವಿಮಾನದವರು ಈ ಪ್ರಶ್ನೆಯನ್ನು ಬಹು ಕ್ರೂರವಾದ ರೀತಿಯಲ್ಲಿ ಎದುರಿಸಿದರು. 2009ರ ಜೂನ್ 1ರಂದು ರಿಯೊ ನಗರದಿಂದ ಪ್ಯಾರಿಸ್ಸಿಗೆ ಹಾರುತ್ತಿದ್ದ ಏರ್ ಫ್ರಾನ್ಸಿನ ವಿಮಾನದಲ್ಲಿ, ವೇಗವನ್ನಳೆಯುವ ಕೊಳವೆಗಳಿಗೆ ಮಂಜುಗಡ್ಡೆ ಕಟ್ಟಿ, ತಾನಾಗಿ ನಡೆಸುವ ಯಂತ್ರವು ಕೈಬಿಟ್ಟಿತು. ಅಷ್ಟು ಎತ್ತರದಲ್ಲಿ ಕೈಯಿಂದ ವಿಮಾನ ನಡೆಸುವ ಅಭ್ಯಾಸವು ಚಾಲಕರಿಗೆ ಸಾಲದಾಗಿತ್ತು. ಕೆಲವೇ ನಿಮಿಷಗಳಲ್ಲಿ ವಿಮಾನವು ಅಟ್ಲಾಂಟಿಕ್ ಸಮುದ್ರಕ್ಕೆ ಬಿದ್ದು 228 ಮಂದಿ ಮಡಿದರು. 2012ರ ತನಿಖೆಯ ವರದಿಯು ಈ ತರಬೇತಿಯ ಕೊರತೆಯನ್ನು ಎತ್ತಿ ಹೇಳಿತು. ಮರುವರ್ಷ ಅಮೆರಿಕದ ವಿಮಾನಯಾನದ ಅಧಿಕಾರಿಗಳು, ಅನುಕೂಲವಿರುವಾಗಲೆಲ್ಲ ಚಾಲಕರು ಕೈಯಿಂದಲೇ ನಡೆಸುವಂತೆ ಪ್ರೋತ್ಸಾಹಿಸಬೇಕೆಂದು ಕಂಪೆನಿಗಳಿಗೆ ತಿಳಿಸಿದರು. ಯಂತ್ರವು ಚೆನ್ನಾಗಿ ಮಾಡಬಲ್ಲ ಕೆಲಸವನ್ನು, ಕಲಿಕೆಯ ಸಲುವಾಗಿ, ಬೇಕೆಂದೇ ಮನುಷ್ಯನ ಕೈಗೆ ಮರಳಿ ಕೊಡುವುದು ವಿಚಿತ್ರವಾಗಿ ತೋರಬಹುದು. ಆದರೆ ಇಷ್ಟು ಪ್ರಾಮಾಣಿಕವಾದ ಉಪಾಯವನ್ನು ಬೇರೆ ಕಸಬಿನವರು ಇನ್ನೂ ಹೆಚ್ಚಾಗಿ ಅನುಸರಿಸಿಲ್ಲ.

ಇದಕ್ಕೆ ಎದುರಾದ ಸಾಕ್ಷ್ಯವನ್ನು ಮುಚ್ಚಿಡುವುದು ನ್ಯಾಯವಲ್ಲ. ಎರಿಕ್ ಬ್ರಿನ್ಯುಲ್ಫ್‌ಸನ್ ಮತ್ತು ಅವರ ಸಂಗಡಿಗರು, ಗಿರಾಕಿಗಳ ದೂರುಗಳಿಗೆ ಉತ್ತರ ಕೊಡುವ ಸುಮಾರು 5,000 ನೌಕರರನ್ನು ಪರಿಶೀಲಿಸಿ 2023ರಲ್ಲಿ ಒಂದು ವರದಿಯನ್ನು ಹೊರಡಿಸಿದರು. ಪಕ್ಕದಲ್ಲಿ ಸಲಹೆ ಕೊಡುವ ಕೃತಕ ಬುದ್ಧಿಯ ಗಣಕವಿದ್ದಾಗ ಕೆಲಸವು ಸರಾಸರಿ ನೂರಕ್ಕೆ 14ರಷ್ಟು ಹೆಚ್ಚಿತು. ಹೊಸಬರ ಕೆಲಸವಂತೂ ಸುಮಾರು ಮೂರನೆಯ ಒಂದು ಪಾಲಿನಷ್ಟು ಹೆಚ್ಚಿತು. ಹಳಬರಿಗೆ ಲಾಭ ಅತ್ಯಲ್ಪ. ನುರಿತವರ ಉತ್ತರಗಳನ್ನು ನೋಡಿ ಕಲಿತ ಯಂತ್ರವು ಆ ನುರಿತವನ್ನು ಹೊಸಬರಿಗೆ ಹಂಚಿತು. ಇಲ್ಲಿ ಯಂತ್ರವು ಉಮೇದುವಾರನ ಪೀಠವನ್ನು ಕಿತ್ತುಕೊಳ್ಳದೆ ಅವನ ಪಕ್ಕದಲ್ಲಿ ಹಿರಿಯನಂತೆ ಕುಳಿತಿತೆನ್ನಬೇಕು. ಹಾಗಾದರೆ ಯಂತ್ರದಿಂದ ಹೊಸಬನಿಗೆ ಕೇಡೇ ಆಗಬೇಕೆಂಬ ನಿಯಮವಿಲ್ಲ. ಹೊಸಬನನ್ನು ಇಟ್ಟುಕೊಂಡು ಅವನಿಗೆ ಯಂತ್ರವನ್ನು ಕೊಡುತ್ತೇವೆಯೋ, ಯಂತ್ರವನ್ನು ಇಟ್ಟುಕೊಂಡು ಹೊಸಬನನ್ನು ಬಿಡುತ್ತೇವೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಎರಡನೆಯ ದಾರಿಯನ್ನು ಹಿಡಿಯುವ ಆಸೆ ಯಜಮಾನರಿಗೆ ಏಕಾಗುವುದೆಂಬುದು ಅರ್ಥವಾಗದ ಸಂಗತಿಯಲ್ಲ. ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞರು 1964ರಷ್ಟು ಹಿಂದೆಯೇ ವಿವರಿಸಿದಂತೆ, ಎಲ್ಲಿ ಹೋದರೂ ಚಲಾವಣೆಯಾಗುವ ವಿದ್ಯೆಯನ್ನು ಕಲಿಸಲು ಯಾವ ಯಜಮಾನನೂ ತನ್ನ ಕೈಯಿಂದ ಹಣ ಹಾಕಲಾರ. ಕಲಿತವನು ನಾಳೆ ಪಕ್ಕದ ಕಂಪೆನಿಗೆ ಹೋದಾನು. ಕಲಿಯುವವನೇ ಕಡಮೆ ಸಂಬಳದಿಂದ ಆ ಖರ್ಚನ್ನು ಹೊರುತ್ತಿದ್ದನು. ಅವನ ಸಣ್ಣ ದುಡಿಮೆಗೆ ಬೆಲೆಯೇ ಇಲ್ಲದಂತಾದಾಗ, ಎಷ್ಟು ಕಡಮೆ ಸಂಬಳಕ್ಕೂ ಅವನು ದುಬಾರಿಯೇ. ಆಗ ಎಲ್ಲರೂ ನಮ್ಮ ಕಾಲೇಜುಗಳ ಕಡೆಗೆ ಬೆರಳು ತೋರಿಸುವರು: ನೀವೇ ಪೂರ್ತಿ ಕಲಿಸಿ ಕಳುಹಿಸಿ ಎಂದು. ನಾವು ಸಿದ್ಧಾಂತವನ್ನು ಕಲಿಸಬಲ್ಲೆವು. ಸಿಟ್ಟಿನಲ್ಲಿರುವ ಕಕ್ಷಿಗಾರನ ಮುಂದೆ ಕುಳಿತಿರುವುದನ್ನು ಕಪ್ಪು ಹಲಗೆಯ ಮೇಲೆ ಬರೆದು ತೋರಿಸುವ ವಿದ್ಯೆ ನಮಗೆ ತಿಳಿಯದು. 1961ರ ಅಪ್ರೆಂಟಿಸುಗಳ ಶಾಸನವು ಹೊಸಬರನ್ನು ತೆಗೆದುಕೊಳ್ಳಬೇಕೆಂದು ಕಾರ್ಖಾನೆಗಳನ್ನು ಕಟ್ಟುಮಾಡಿತು. ಆಗ ಶಾಸನ ಮಾಡಿದವರ ಕಣ್ಣ ಮುಂದಿದ್ದುದು ಲೇತು ಮತ್ತು ಬೆಸುಗೆ. ವಕೀಲರ ಕೊಠಡಿಯಾಗಲಿ ಸಾಫ್ಟ್‌ವೇರಿನ ಮೇಜಾಗಲಿ ಅಲ್ಲ.

ಮ್ಯಾಥ್ಯೂ ಬೀನ್ ಎಂಬ ಸಂಶೋಧಕರು ಅಮೆರಿಕದ ಬೋಧನಾಸ್ಪತ್ರೆಗಳಲ್ಲಿ ಯಂತ್ರಹಸ್ತದ ಶಸ್ತ್ರಚಿಕಿತ್ಸೆಯನ್ನು ಕುಳಿತು ನೋಡಿ 2019ರಲ್ಲಿ ಬರೆದ ಪ್ರಬಂಧವೊಂದುಂಟು. ಹಳೆಯ ಕ್ರಮದಲ್ಲಿ ಹಿರಿಯ ವೈದ್ಯನೊಬ್ಬನಿಂದಲೇ ಕೆಲಸ ಸಾಗುವಂತಿರಲಿಲ್ಲ. ಹಿಡಿಯಲು, ಎಳೆಯಲು, ಹೊಲಿಯಲು ಕಿರಿಯನ ಕೈ ಬೇಕೇಬೇಕಾಗಿತ್ತು. ಯಂತ್ರದ ಮುಂದೆ ಕುಳಿತ ಹಿರಿಯನಿಗೆ ಆ ಕೈ ಬೇಡವಾಯಿತು. ಕಿರಿಯನು ದೂರದಲ್ಲಿ ಕುಳಿತು ನೋಡುವವನಾದನು. ಅಧಿಕೃತವಾದ ದಾರಿ ಹೀಗೆ ಕಟ್ಟಿದಾಗ, ಕೆಲವರು ಮಾತ್ರ ಕಣ್ಣು ತಪ್ಪಿಸಿ, ವಿಡಿಯೊಗಳನ್ನು ನೋಡಿ, ಬೇರೆ ಪಾಠಗಳನ್ನು ಬಿಟ್ಟು ಹೇಗೋ ಕಲಿತರು. ಉಳಿದವರು ಪದವಿ ಪಡೆದರೂ ನುರಿಯಲಿಲ್ಲ. ವಿಶೇಷವೇನೆಂದರೆ, ಗುರುಶಿಷ್ಯರಿಬ್ಬರೂ ಏಕಕಾಲದಲ್ಲಿ ಕುಳಿತು ಹಿಡಿತವನ್ನು ಒಬ್ಬರಿಂದೊಬ್ಬರಿಗೆ ದಾಟಿಸಬಹುದಾದ ಎರಡು ಪೀಠಗಳ ಯಂತ್ರವು 2009ರಿಂದಲೇ ಮಾರಾಟಕ್ಕಿದೆ. ಎರಡನೆಯ ಪೀಠಕ್ಕೆ ಬೇರೆ ಬೆಲೆ. ಆ ಬೆಲೆಯನ್ನು ಆಸ್ಪತ್ರೆ ಹೊರಬೇಕೆ, ಸರ್ಕಾರ ಹೊರಬೇಕೆ, ಇಪ್ಪತ್ತು ವರ್ಷಗಳ ಮೇಲೆ ಅದೇ ಮೇಜಿನ ಮೇಲೆ ಮಲಗಲಿರುವ ನಾವು ಇಂದೇ ತೆರಿಗೆಯಾಗಿ ಹೊರಬೇಕೆ ಎಂಬುದು ಇನ್ನೂ ತೀರ್ಮಾನವಾಗಬೇಕಾಗಿದೆ.